ನಿಮ್ಮ ಪರವಾಗಿ ಸಹಿ ಹಾಕುವವರು ಯಾರು?

ಆಸ್ತಿಯ ಮಾತು ಬಂದಾಗ ನಮ್ಮ ಮನೆಗಳಲ್ಲಿ ಮೊದಲು ಕೇಳುವುದು ‘ವಿಲ್ ಬರೆಸಿದ್ದೀರಾ?’ ಎಂದು. ವಿಲ್ ಕೆಲಸಕ್ಕೆ ಬರುವುದು ಬರೆದವರು ತೀರಿಕೊಂಡ ಮೇಲೆ. ಬ್ಯಾಂಕಿನ ನಾಮಿನಿಯೂ ಹಾಗೆಯೇ. 2025ರ ನವೆಂಬರ್ 1ರಿಂದ ಒಂದು ಖಾತೆಗೆ ನಾಲ್ವರು ನಾಮಿನಿಗಳನ್ನು ಹೆಸರಿಸಬಹುದು ಎಂದಾಗಿದೆ. ಆದರೆ ಖಾತೆದಾರರು ಬದುಕಿರುವಷ್ಟು ದಿನ ಆ ನಾಲ್ವರಲ್ಲಿ ಒಬ್ಬರಿಗೂ ಒಂದು ರೂಪಾಯಿ ತೆಗೆಯುವ ಹಕ್ಕಿಲ್ಲ.

ಸಾವಿಗೆ ಮುಂಚಿನ ಕಾಲವೊಂದಿದೆ. ಲಕ್ವ ಹೊಡೆದು ಬಲಗೈ ಮೇಲೇಳದ ತಿಂಗಳುಗಳು, ಮಂಡಿ ಆಪರೇಷನ್ ಆಗಿ ಮೆಟ್ಟಿಲು ಇಳಿಯಲಾಗದ ವಾರಗಳು, ಮರೆವಿನ ಕಾಯಿಲೆ ಹತ್ತಿದ ವರ್ಷಗಳು. ಆಗಲೂ ಮನೆ ಕಂದಾಯ ಕಟ್ಟಬೇಕು, ಅವಧಿ ಮುಗಿದ ಎಫ್‌ಡಿ ನೋಡಿಕೊಳ್ಳಬೇಕು, ಬಾಡಿಗೆದಾರರ ಜೊತೆ ಹೊಸ ಕರಾರು ಮಾಡಿಕೊಳ್ಳಬೇಕು, ಎಲ್ಲಕ್ಕಿಂತ ಮೊದಲು ಆಸ್ಪತ್ರೆಯ ಬಿಲ್ಲು ಕಟ್ಟಬೇಕು. ದುಡ್ಡು ನಿಮ್ಮದೇ ಖಾತೆಯಲ್ಲಿದೆ, ತೆಗೆದುಕೊಡುವವರಿಲ್ಲ. ಮಕ್ಕಳು ಅಲ್ಲಿ ಇಲ್ಲಿ ಸಾಲ ಎತ್ತುತ್ತಾರೆ. ಈ ಕಾಲಕ್ಕೆ ತಯಾರಿ ಮಾಡಿಕೊಂಡ ಮನೆಗಳು ತೀರಾ ಕಡಿಮೆ.

ಕಾನೂನು ಇದಕ್ಕೆ ಕೊಟ್ಟಿರುವ ಮುಖ್ಯ ಸಾಧನ ಪವರ್ ಆಫ್ ಅಟಾರ್ನಿ, ಅಂದರೆ ಮುಖ್ತ್ಯಾರ್ ಪತ್ರ. ನನ್ನ ಪರವಾಗಿ ಇಂಥಿಂಥ ಕೆಲಸಗಳನ್ನು ಇವರು ಮಾಡಬಹುದು, ಇವರು ಹಾಕಿದ ಸಹಿ ನಾನು ಹಾಕಿದ್ದಕ್ಕೆ ಸಮ ಎಂದು ಬರೆದುಕೊಡುವ ಕಾಗದ ಅದು. 1882ರ ಪವರ್ಸ್ ಆಫ್ ಅಟಾರ್ನಿ ಕಾಯ್ದೆ ಐದಾರು ಕಲಮುಗಳ ಪುಟ್ಟ ಕಾಯ್ದೆ. ಮುಖ್ತ್ಯಾರರ ಹೊಣೆ ಏನು, ಅಧಿಕಾರ ಯಾವಾಗ ಮುಗಿಯುತ್ತದೆ ಎಂಬ ಗಟ್ಟಿ ವಿಷಯಗಳೆಲ್ಲ ಇರುವುದು 1872ರ ಕರಾರು ಕಾಯ್ದೆಯಲ್ಲಿ. ಹದಿನೆಂಟು ತುಂಬಿದ, ಬುದ್ಧಿ ಸ್ವಸ್ಥವಾಗಿರುವ ಯಾರು ಬೇಕಾದರೂ ಈ ಪತ್ರ ಬರೆದುಕೊಡಬಹುದು. ಬರೆದುಕೊಟ್ಟ ಮಾತ್ರಕ್ಕೆ ನಿಮ್ಮ ಅಧಿಕಾರ ಕಡಿಮೆಯಾಗುವುದಿಲ್ಲ. ನಾಳೆ ನೀವೇ ಬ್ಯಾಂಕಿಗೆ ಹೋಗಿ ಹಣ ತೆಗೆಯಬಹುದು, ನಾಡಿದ್ದು ಪತ್ರವನ್ನೇ ರದ್ದು ಮಾಡಬಹುದು.

ಇಷ್ಟನ್ನು ಎಲ್ಲ ವಕೀಲರೂ ಹೇಳುತ್ತಾರೆ. ಅಷ್ಟಾಗಿ ಹೇಳದ ಮಾತೊಂದಿದೆ, ಈ ಲೇಖನ ಬರೆಯಲು ಅದೇ ಕಾರಣ.

ಕರಾರು ಕಾಯ್ದೆಯ 201ನೇ ಕಲಮಿನ ಪ್ರಕಾರ, ಅಧಿಕಾರ ಕೊಟ್ಟವರು ತೀರಿಕೊಂಡರೆ ಮುಖ್ತ್ಯಾರರ ಅಧಿಕಾರ ಮುಗಿಯುತ್ತದೆ. ಅವರ ಬುದ್ಧಿ ಸ್ವಾಧೀನ ತಪ್ಪಿದರೂ ಮುಗಿಯುತ್ತದೆ. ಅಪ್ಪ ಮಗಳ ಹೆಸರಿಗೆ ಜಿಪಿಎ, ಅಂದರೆ ಸಾಮಾನ್ಯ ಮುಖ್ತ್ಯಾರ್ ಪತ್ರ, ಬರೆದು ರಿಜಿಸ್ಟರ್ ಮಾಡಿಸಿ ಬೀರುವಿನಲ್ಲಿ ಇಟ್ಟಿದ್ದಾರೆ ಅಂದುಕೊಳ್ಳಿ. ಐದು ವರ್ಷದ ಮೇಲೆ ಅವರಿಗೆ ಡಿಮೆನ್ಷಿಯಾ ಬಲಿತು, ಮಗಳ ಗುರುತೇ ಸಿಗದ ಸ್ಥಿತಿ ಬರುತ್ತದೆ. ಯಾವ ದಿನಕ್ಕೆಂದು ಆ ಪತ್ರ ಬರೆಸಿದ್ದರೋ ಆ ದಿನವೇ ಅದು ಕಾನೂನಿನ ಕಣ್ಣಲ್ಲಿ ಸತ್ತಿರುತ್ತದೆ. ಕೋಮಾದ ವಿಷಯದಲ್ಲೂ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಆ ಹೊತ್ತಿನಲ್ಲಿ ಮುಖ್ತ್ಯಾರರಿಗೆ 209ನೇ ಕಲಮು ಉಳಿಸುವುದು ಒಂದೇ ಕರ್ತವ್ಯ: ತಮ್ಮ ಕೈಯಲ್ಲಿರುವುದನ್ನು ಹಾಳಾಗದಂತೆ ಕಾಪಾಡಲು ಸಾಧ್ಯವಾದದ್ದನ್ನು ಮಾಡುವುದು. ಹೊಸದಾಗಿ ಮಾರುವುದು, ಸಾಲ ಎತ್ತುವುದು, ಹೂಡುವುದು ಅದರೊಳಗೆ ಬರುವುದಿಲ್ಲ.

ಇಂಗ್ಲೆಂಡಿನಲ್ಲಿ ಹೀಗಿಲ್ಲ. ಅಲ್ಲಿ 2005ರ ಮೆಂಟಲ್ ಕೆಪಾಸಿಟಿ ಕಾಯ್ದೆಯ ಕೆಳಗೆ ‘ಲಾಸ್ಟಿಂಗ್’ ಪವರ್ ಆಫ್ ಅಟಾರ್ನಿ ಇದೆ. ಹಣಕಾಸಿಗೆ ಒಂದು, ಆರೋಗ್ಯಕ್ಕೆ ಇನ್ನೊಂದು. ಸರ್ಕಾರಿ ಕಚೇರಿಯೊಂದರಲ್ಲಿ ನೋಂದಾಯಿಸಿದರೆ, ಬರೆದುಕೊಟ್ಟವರ ಬುದ್ಧಿಶಕ್ತಿ ಹೋದ ಮೇಲೂ ಅದು ಉಳಿಯುತ್ತದೆ. ಅಮೆರಿಕದ ರಾಜ್ಯಗಳಲ್ಲೂ ‘ಡ್ಯೂರಬಲ್’ ಎಂಬ ಬಗೆಯಿದೆ. ಅಲ್ಲಿರುವ ಮಕ್ಕಳು ಆ ನಮೂನೆಯನ್ನು ಇಳಿಸಿಕೊಂಡು ಮೈಸೂರಿನ ಅಪ್ಪ ಅಮ್ಮನಿಗೆ ಕಳಿಸಿ, ಸಹಿ ಹಾಕಿಸಿ, ಇನ್ನು ನಿಶ್ಚಿಂತೆ ಎಂದುಕೊಳ್ಳುತ್ತಾರೆ. ‘ನನ್ನ ಬುದ್ಧಿ ಸ್ವಾಧೀನ ತಪ್ಪಿದರೂ ಈ ಪತ್ರ ಜಾರಿಯಲ್ಲಿರತಕ್ಕದ್ದು’ ಎಂದು ನಾವು ಬರೆದುಕೊಂಡ ಮಾತ್ರಕ್ಕೆ ಭಾರತದಲ್ಲಿ ಅದು ಜಾರಿಯಲ್ಲಿರುವುದಿಲ್ಲ. ಮುದುಕರ ಸಂಖ್ಯೆ ಏರುತ್ತಿರುವ ದೇಶಕ್ಕೆ 1872ರ ಈ ನಿಯಮ ಸಾಲದು. ಸಂಸತ್ತು ಇದನ್ನು ಬೇಗ ಸರಿಪಡಿಸಬೇಕು. ಅಲ್ಲಿಯವರೆಗೆ ನಾವು ಒಂದೇ ಕಾಗದವನ್ನು ನಂಬದೆ, ಮೂರ್ನಾಲ್ಕು ಏರ್ಪಾಡುಗಳನ್ನು ಒಟ್ಟಿಗೆ ಮಾಡಿಟ್ಟುಕೊಳ್ಳಬೇಕು.

ಬ್ಯಾಂಕಿನಿಂದ ಶುರು ಮಾಡಿ

ದಿನನಿತ್ಯದ ಖರ್ಚಿಗೆ ಎಲ್ಲಕ್ಕಿಂತ ಸುಲಭದ ದಾರಿ ಜಂಟಿ ಖಾತೆ. ಅದರಲ್ಲೂ ‘ಐದರ್ ಆರ್ ಸರ್ವೈವರ್’ ಎಂಬ ಷರತ್ತಿನದು. ಇಬ್ಬರಲ್ಲಿ ಯಾರು ಸಹಿ ಮಾಡಿದರೂ ಹಣ ಸಿಗುತ್ತದೆ. ಪಾಸ್‌ಬುಕ್ ತೆಗೆದು ನೋಡಿ: ಅದರಲ್ಲಿ ‘ಫಾರ್ಮರ್ ಆರ್ ಸರ್ವೈವರ್’ ಎಂದಿದ್ದರೆ, ಮೊದಲ ಹೆಸರಿನವರು ಬದುಕಿರುವವರೆಗೆ ಎರಡನೆಯವರು ಮುಟ್ಟುವಂತಿಲ್ಲ. ಕಾಯಿಲೆಯ ಕಾಲಕ್ಕೆ ಅದರಿಂದ ಏನೂ ಪ್ರಯೋಜನವಿಲ್ಲ. ಎಫ್‌ಡಿಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅವಧಿ ಮುಗಿದ ಎಫ್‌ಡಿಯನ್ನು ಇಬ್ಬರಲ್ಲಿ ಒಬ್ಬರು ಪಡೆಯಬಹುದು. ಅವಧಿಗೆ ಮುಂಚೆ ಮುರಿಸಬೇಕಾದರೆ ಸಾಮಾನ್ಯವಾಗಿ ಇಬ್ಬರ ಸಹಿಯೂ ಬೇಕು. ಆಸ್ಪತ್ರೆಗೆ ಸೇರಿದಾಗ ನಾವು ಮಾಡಲು ಹೊರಡುವುದು ಎಫ್‌ಡಿ ಮುರಿಸುವುದನ್ನೇ. ಹಾಗಾಗಿ ಇಡೀ ಉಳಿತಾಯವನ್ನು ದೀರ್ಘಾವಧಿಯ ಠೇವಣಿಯಲ್ಲಿ ಬಿಗಿದಿಡದೆ, ಆರು ತಿಂಗಳ ಖರ್ಚಿನಷ್ಟು ಹಣವನ್ನು ಜಂಟಿ ಉಳಿತಾಯ ಖಾತೆಯಲ್ಲಿ ಬಿಟ್ಟಿರುವುದು ಒಳ್ಳೆಯದು. ಅದಕ್ಕಿಂತ ಹೆಚ್ಚು ಬೇಡ. ಜಂಟಿ ಖಾತೆಯ ಇನ್ನೊಬ್ಬರು ಎಲ್ಲವನ್ನೂ ತೆಗೆದುಬಿಟ್ಟರೆ ಬ್ಯಾಂಕನ್ನು ಕೇಳುವಂತಿಲ್ಲ.

ಜಂಟಿ ಖಾತೆ ಬೇಡ ಎನ್ನುವವರು ‘ಮ್ಯಾಂಡೇಟ್’ ಕೊಡಬಹುದು. ಈ ಖಾತೆಯನ್ನು ನನ್ನ ಪರವಾಗಿ ಇವರು ನಡೆಸಬಹುದು ಎಂದು ಬ್ಯಾಂಕಿನದೇ ನಮೂನೆಯಲ್ಲಿ ಬರೆದುಕೊಡುವುದು ಅದು. ಅದೂ ಮುಖ್ತ್ಯಾರ್ ಪತ್ರದ ಚಿಕ್ಕ ರೂಪವೇ ಆದ್ದರಿಂದ ಬುದ್ಧಿ ಸ್ವಾಧೀನ ತಪ್ಪಿದಾಗ ಅದೂ ನಿಲ್ಲುತ್ತದೆ.

ದೇಹಕ್ಕಷ್ಟೇ ಆಗದೆ ಬುದ್ಧಿ ಚೆನ್ನಾಗಿರುವವರಿಗೆ ರಿಸರ್ವ್ ಬ್ಯಾಂಕ್ ಒಂದು ದಾರಿ ಮಾಡಿಟ್ಟಿದೆ, ಬಹಳ ಜನಕ್ಕೆ ತಿಳಿದಿಲ್ಲ. ಸಹಿ ಮಾಡಲಾಗದವರು ಹೆಬ್ಬೆಟ್ಟು ಒತ್ತಬಹುದು, ಅದೂ ಆಗದಿದ್ದರೆ ಕಾಲ್ಬೆರಳ ಗುರುತು ಕೊಡಬಹುದು. ಬ್ಯಾಂಕಿಗೆ ಪರಿಚಯವಿರುವ ಇಬ್ಬರು ಸ್ವತಂತ್ರ ಸಾಕ್ಷಿಗಳು ಅದನ್ನು ಗುರುತಿಸಬೇಕು; ಅವರಲ್ಲೊಬ್ಬರು ಜವಾಬ್ದಾರಿಯುತ ಬ್ಯಾಂಕ್ ಅಧಿಕಾರಿಯಾಗಿರಬೇಕು. ಇವೆರಡೂ ಆಗದಿದ್ದರೆ ಚೆಕ್ ಅಥವಾ ವಿತ್‌ಡ್ರಾವಲ್ ಫಾರಂ ಮೇಲೆ ಅವರಿಂದ ಸಾಧ್ಯವಾದ ಯಾವುದಾದರೂ ಒಂದು ಗುರುತು ಸಾಕು. ಹಣ ಯಾರ ಕೈಗೆ ಕೊಡಬೇಕೆಂದು ಅವರೇ ಸೂಚಿಸಬೇಕು. 2017ರ ನವೆಂಬರ್‌ನ ಸುತ್ತೋಲೆ ಎಪ್ಪತ್ತು ದಾಟಿದವರಿಗೆ ಮತ್ತು ಅಶಕ್ತರಿಗೆ ಮನೆ ಬಾಗಿಲಲ್ಲಿ ಬ್ಯಾಂಕಿಂಗ್ ಸೇವೆ ಕೊಡಲು ಬ್ಯಾಂಕುಗಳಿಗೆ ಹೇಳಿದೆ. ಶಾಖೆಯಲ್ಲಿ ‘ಅವರೇ ಬರಬೇಕು’ ಎಂದು ವಾಪಸು ಕಳಿಸಿದರೆ ಮ್ಯಾನೇಜರ್ ಹತ್ತಿರ ಹೋಗಿ ಈ ನಿಯಮದ ಮಾತೆತ್ತಿ. ಮನವಿಯನ್ನು ಲಿಖಿತವಾಗಿ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ.

ಇವೆಲ್ಲ ಯಾಕೆ, ಎಟಿಎಂ ಕಾರ್ಡು ಪಿನ್ನು ಕೊಟ್ಟರಾಯಿತಲ್ಲ ಎಂದು ಎಷ್ಟೋ ಮನೆಗಳು ಹಾಗೇ ನಡೆದುಕೊಂಡು ಹೋಗುತ್ತಿವೆ. ಫೋನು, ಓಟಿಪಿ ಎರಡೂ ಮೊಮ್ಮಗನ ಕೈಯಲ್ಲಿ. ಮೋಸವಾದ ದಿನ ಬ್ಯಾಂಕು ಮೊದಲು ಕೇಳುವುದೇ ಪಿನ್ ಯಾರಿಗೆ ಹೇಳಿದ್ದಿರಿ ಎಂದು. ಹೇಳಿದ್ದೆ ಎಂದ ಕೂಡಲೇ ನಷ್ಟ ನಿಮ್ಮದಾಗುತ್ತದೆ. ಕಾರ್ಡು ಕೊಡುವಷ್ಟು ನಂಬಿಕೆ ಇರುವವರಿಗೆ ಮ್ಯಾಂಡೇಟ್ ಕೊಡಲು ಅಡ್ಡಿ ಏನಿದೆ?

ಪತ್ರದಲ್ಲಿ ಏನಿರಬೇಕು

ನ್ಯಾಯಾಲಯಗಳು ಮುಖ್ತ್ಯಾರ್ ಪತ್ರವನ್ನು ಬಹಳ ಬಿಗಿಯಾಗಿ ಓದುತ್ತವೆ. ‘ನನ್ನ ಸಕಲ ವ್ಯವಹಾರಗಳನ್ನೂ ನಡೆಸಲು’ ಎಂಬ ಒಂದು ಸಾಲು ಬರೆದರೆ ಎಲ್ಲ ಬಂತು ಎಂದುಕೊಳ್ಳಬೇಡಿ. ಉಮಾದೇವಿ ನಂಬಿಯಾರ್ ಪ್ರಕರಣದಲ್ಲಿ 2022ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಅಕ್ಕತಂಗಿಯರ ನಡುವೆ ಬರೆದ ಪತ್ರದಲ್ಲಿ ಬಾಡಿಗೆಗೆ ಕೊಡುವ, ಆಸ್ತಿಯನ್ನು ಭದ್ರತೆಯಾಗಿ ಇಡುವ ಅಧಿಕಾರವಿತ್ತು, ಮಾರುವ ಮಾತು ಸ್ಪಷ್ಟವಾಗಿ ಇರಲಿಲ್ಲ. ಆ ಪತ್ರದ ಬಲದಿಂದ ಮಾಡಿದ ಮಾರಾಟ ನಿಲ್ಲಲಿಲ್ಲ. ಈ ಬಿಗಿತನ ನಿಮ್ಮ ರಕ್ಷಣೆಗೇ ಇದೆ. ಯಾವ ಕೆಲಸ ಬೇಕೋ ಅದನ್ನು ಬಿಡಿಸಿ ಬರೆಯಿರಿ: ಇಂಥ ಬ್ಯಾಂಕಿನ ಇಂಥ ಶಾಖೆಯ ಇಂಥ ಸಂಖ್ಯೆಯ ಖಾತೆ, ಇಂಥ ಸರ್ವೆ ನಂಬರಿನ ಜಮೀನಿನ ಪಹಣಿ ಮತ್ತು ಪೋಡಿ ಕೆಲಸ, ಇಂಥ ಮನೆಯ ಖಾತೆ ಮತ್ತು ಕಂದಾಯ, ವಿದ್ಯುತ್ ಮತ್ತು ನೀರಿನ ಬಿಲ್ಲು, ಆದಾಯ ತೆರಿಗೆ ರಿಟರ್ನ್, ವಿಮೆಯ ಕ್ಲೇಮು. ಯಾವುದು ಬೇಡವೋ ಅದನ್ನೂ ಬರೆಯಿರಿ. ಮಾರುವುದು, ದಾನ ಕೊಡುವುದು, ಅಡಮಾನ ಇಡುವುದು, ನನ್ನ ಹೆಸರಲ್ಲಿ ಸಾಲ ತೆಗೆಯುವುದು, ನಾಮಿನಿ ಬದಲಿಸುವುದು ಈ ಪತ್ರದಲ್ಲಿ ಸೇರಿಲ್ಲ ಎಂದು ಒಂದು ಪ್ಯಾರಾ ಇರಲಿ.

ಒಂದೇ ಕೆಲಸಕ್ಕೆ, ಉದಾಹರಣೆಗೆ ಒಂದು ಸೈಟಿನ ನೋಂದಣಿಗೆ ಮಾತ್ರ ಹಾಜರಾಗಲು, ಎಸ್‌ಪಿಎ ಅಂದರೆ ವಿಶೇಷ ಮುಖ್ತ್ಯಾರ್ ಪತ್ರ ಸಾಕು. ಆ ಕೆಲಸ ಮುಗಿದ ದಿನ ಅದೂ ಮುಗಿಯುತ್ತದೆ. ಹೊರಗಿನವರಿಗೆ ಕೊಡುವಾಗ ಯಾವಾಗಲೂ ಇದೇ ಇರಲಿ.

ಕೆಲವು ಕೆಲಸಗಳನ್ನು ಯಾವ ಪತ್ರದಿಂದಲೂ ಇನ್ನೊಬ್ಬರಿಗೆ ವಹಿಸಲಾಗದು. ನಿಮ್ಮ ವಿಲ್ ನೀವೇ ಬರೆಯಬೇಕು. ನಿಮ್ಮ ಅನುಭವಕ್ಕೆ ಬಂದ ಸಂಗತಿಯ ಬಗ್ಗೆ ಕೋರ್ಟಿನಲ್ಲಿ ನಿಮ್ಮ ಬದಲು ಮುಖ್ತ್ಯಾರರು ಸಾಕ್ಷಿ ನುಡಿಯುವಂತಿಲ್ಲ. ಪಿಂಚಣಿದಾರರ ಜೀವನ ಪ್ರಮಾಣ ಪತ್ರಕ್ಕೂ ಪಿಂಚಣಿದಾರರ ಮುಖ ಅಥವಾ ಬೆರಳೇ ಬೇಕು. ಆದರೆ ಅದಕ್ಕಾಗಿ ನವೆಂಬರ್‌ನಲ್ಲಿ ಬ್ಯಾಂಕಿನ ಮುಂದೆ ಸಾಲು ನಿಲ್ಲಬೇಕಿಲ್ಲ, ಮೊಬೈಲಿನಲ್ಲಿ ಮುಖ ತೋರಿಸಿಯೂ ಮಾಡಬಹುದು, ಪೋಸ್ಟ್‌ಮ್ಯಾನ್ ಮನೆಗೆ ಬಂದೂ ಮಾಡಿಕೊಡುತ್ತಾರೆ.

ಇನ್ನು ಯಾರಿಗೆ ಕೊಡುವುದು? ಹಿರಿಮಗನಿಗೆ ಎಂಬುದು ನಮ್ಮಲ್ಲಿ ಪ್ರಶ್ನೆಯಿಲ್ಲದೆ ಬರುವ ಉತ್ತರ. ನಾನು ಬೇರೆ ಪ್ರಶ್ನೆ ಕೇಳಿ ಎನ್ನುತ್ತೇನೆ: ಬಿಲ್ಲುಗಳನ್ನು ಫೈಲು ಮಾಡಿ ಇಡುವವರು ಯಾರು, ಸಾಲದ ಹೊರೆ ಇಲ್ಲದವರು ಯಾರು, ಕರೆದರೆ ಅರ್ಧ ದಿನದಲ್ಲಿ ಬರಬಲ್ಲವರು ಯಾರು, ಉಳಿದ ಮಕ್ಕಳು ಲೆಕ್ಕ ಕೇಳಿದರೆ ಸಿಟ್ಟಾಗದವರು ಯಾರು. ಅದು ಸೊಸೆಯಾಗಿರಬಹುದು, ತಂಗಿಯ ಮಗನಾಗಿರಬಹುದು, ಮೂವತ್ತು ವರ್ಷ ಜೊತೆಗೆ ಕೆಲಸ ಮಾಡಿದ ಸ್ನೇಹಿತರಾಗಿರಬಹುದು. ರಕ್ತಸಂಬಂಧ ಇರಲೇಬೇಕೆಂದು ಕಾನೂನು ಹೇಳುವುದಿಲ್ಲ. ಇಬ್ಬರನ್ನು ನೇಮಿಸುವುದಾದರೆ ‘ಇಬ್ಬರೂ ಸೇರಿ’ ಎಂದೋ ‘ಇಬ್ಬರಲ್ಲಿ ಯಾರಾದರೂ’ ಎಂದೋ ಸ್ಪಷ್ಟವಾಗಿರಲಿ. ಇಬ್ಬರೂ ಸೇರಿ ಎಂದರೆ ಮೋಸಕ್ಕೆ ತಡೆ. ಒಬ್ಬರು ಊರಲ್ಲಿಲ್ಲದಾಗ ಕೆಲಸಕ್ಕೂ ತಡೆ. ಸಣ್ಣ ಮೊತ್ತಕ್ಕೆ ಯಾರಾದರೊಬ್ಬರು, ದೊಡ್ಡದಕ್ಕೆ ಇಬ್ಬರೂ ಎಂದು ಮಿತಿ ಹಾಕುವುದು ನನಗೆ ಸರಿಕಾಣುತ್ತದೆ.

ಲೆಕ್ಕ ಒಪ್ಪಿಸುವುದು ಮುಖ್ತ್ಯಾರರ ಕರ್ತವ್ಯ ಎಂದು 213ನೇ ಕಲಮು ಹೇಳುತ್ತದೆ. ಆದರೆ ಕೇಳಿದರೆ ತಾನೇ? ನಿಮಗೆ ಕೇಳುವ ಶಕ್ತಿಯೇ ಇಲ್ಲದಾಗ ಯಾರು ಕೇಳಬೇಕು? ಅದಕ್ಕೇ ಪತ್ರದಲ್ಲಿ ಮೂರನೆಯವರೊಬ್ಬರ ಹೆಸರು ಸೇರಿಸಿ: ಪ್ರತಿ ಮೂರು ತಿಂಗಳಿಗೆ ಬ್ಯಾಂಕ್ ಸ್ಟೇಟ್‌ಮೆಂಟು ಮತ್ತು ಖರ್ಚಿನ ಪಟ್ಟಿಯನ್ನು ಇಂಥವರಿಗೆ ಕೊಡತಕ್ಕದ್ದು. ಜೊತೆಗೆ, ನನ್ನ ಆಸ್ತಿಯನ್ನಾಗಲಿ ಹಣವನ್ನಾಗಲಿ ಮುಖ್ತ್ಯಾರರು ತಮ್ಮ ಅಥವಾ ತಮ್ಮ ಹೆಂಡತಿ, ಗಂಡ, ಮಕ್ಕಳ ಹೆಸರಿಗೆ ವರ್ಗಾಯಿಸಕೂಡದು ಎಂಬ ಸಾಲೂ ಇರಲಿ. ನಂಬಿಕೆಯ ಮನುಷ್ಯರಿಗೆ ಇದರಿಂದ ಅವಮಾನವಾಗುವುದಿಲ್ಲ. ಮುಂದೆ ಅಣ್ಣತಮ್ಮಂದಿರ ಅನುಮಾನದಿಂದ ಅವರನ್ನು ಕಾಪಾಡುವುದು ಈ ಸಾಲುಗಳೇ. ಇಷ್ಟಾದ ಮೇಲೂ ನಂಬಿಕೆದ್ರೋಹವಾದರೆ ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಮಿನ ಕೆಳಗೆ ಪೊಲೀಸ್ ದೂರು ಕೊಡಬಹುದು.

ನೋಟರಿ ಸಾಕೇ?

ಬ್ಯಾಂಕು, ವಿಮೆ, ತೆರಿಗೆಯಂಥ ಕೆಲಸಗಳಿಗೆ ಛಾಪಾ ಕಾಗದದ ಮೇಲೆ ಬರೆದು ನೋಟರಿ ಮುಂದೆ ಸಹಿ ಮಾಡಿದ ಪತ್ರ ಸಾಮಾನ್ಯವಾಗಿ ನಡೆಯುತ್ತದೆ. ಮನೆ, ಸೈಟು, ಜಮೀನು ಬಂದ ಕಡೆ ನೋಟರಿಯನ್ನು ನೆಚ್ಚಿಕೊಳ್ಳಬೇಡಿ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೇ ಮಾಡಿಸಿ. 1908ರ ನೋಂದಣಿ ಕಾಯ್ದೆಯ 33ನೇ ಕಲಮು, ದಸ್ತಾವೇಜುಗಳನ್ನು ನೋಂದಣಿಗೆ ಹಾಜರುಪಡಿಸುವ ಮುಖ್ತ್ಯಾರರ ಪತ್ರ ಯಾರ ಮುಂದೆ ದೃಢೀಕರಣವಾಗಿರಬೇಕು ಎಂದು ನಿಗದಿಪಡಿಸುತ್ತದೆ. ಹಾಸಿಗೆ ಹಿಡಿದವರಿಗೆ ಅದೇ ಕಾಯ್ದೆಯಲ್ಲಿ ಅವಕಾಶವಿದೆ: ಅರ್ಜಿ ಕೊಟ್ಟರೆ ಅಧಿಕಾರಿಯೇ ಮನೆಗೋ ಆಸ್ಪತ್ರೆಗೋ ಬಂದು ಹೆಬ್ಬೆಟ್ಟು ಪಡೆಯಬಹುದು. ಮುದ್ರಾಂಕ ಶುಲ್ಕ ಕರ್ನಾಟಕದಲ್ಲಿ 1957ರ ಕಾಯ್ದೆಯಂತೆ. ಪತ್ರ ಯಾರಿಗೆ, ಮಾರುವ ಅಧಿಕಾರವಿದೆಯೇ, ಅದಕ್ಕೆ ಹಣ ಪಡೆದಿದ್ದೀರಾ ಎಂಬುದರ ಮೇಲೆ ದರ ಬೇರೆಬೇರೆ. ಬರೆಸುವ ವಾರದಲ್ಲೇ ದರ ವಿಚಾರಿಸಿಕೊಳ್ಳಿ.

ಹೊರದೇಶದಲ್ಲಿರುವ ಕನ್ನಡಿಗರು ಊರಿನ ಆಸ್ತಿಗಾಗಿ ಪತ್ರ ಕಳಿಸುವುದಾದರೆ ಅಲ್ಲಿನ ಭಾರತೀಯ ಕಾನ್ಸುಲೇಟ್ ಮುಂದೆ ಸಹಿ ಮಾಡುವುದು ನೇರ ದಾರಿ. ಪತ್ರ ಭಾರತಕ್ಕೆ ಬಂದು ಮುಟ್ಟಿದ ದಿನದಿಂದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಕೊರಿಯರ್ ಲಕೋಟೆಯನ್ನು ಎಸೆಯದೆ ಇಟ್ಟುಕೊಳ್ಳಿ, ಬಂದ ತಾರೀಖಿಗೆ ಅದೇ ಆಧಾರ. ಹೊರದೇಶದಲ್ಲಿರುವವರ ಎನ್‌ಆರ್‌ಇ (ಅನಿವಾಸಿ) ಖಾತೆಯನ್ನು ಇಲ್ಲಿನ ಮುಖ್ತ್ಯಾರರು ನಡೆಸಬಹುದಾದರೂ ಸ್ಥಳೀಯ ಪಾವತಿಗಳಿಗೆ ಮಾತ್ರ, ಮತ್ತು ಹಣವನ್ನು ಖಾತೆದಾರರಿಗೇ ಕಳಿಸುವುದಕ್ಕೆ ಮಾತ್ರ. ಅದರಿಂದ ಇಲ್ಲಿನ ಯಾರಿಗೂ ಉಡುಗೊರೆ ಕೊಡುವಂತಿಲ್ಲ.

ಜಿಪಿಎ ಎಂದರೆ ಸೈಟು ಕೊಳ್ಳುವ ದಾರಿ ಎಂದು ತಿಳಿದವರು ನಮ್ಮಲ್ಲಿ ಇನ್ನೂ ಇದ್ದಾರೆ. ಸೂರಜ್ ಲ್ಯಾಂಪ್ ಪ್ರಕರಣದಲ್ಲಿ 2011ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಖಂಡತುಂಡವಾಗಿ ಹೇಳಿದೆ: ಜಿಪಿಎ, ಅಗ್ರಿಮೆಂಟು, ವಿಲ್ ಮೂರೂ ಸೇರಿದರೂ ಮಾಲೀಕತ್ವ ಬರುವುದಿಲ್ಲ, ನೋಂದಾಯಿತ ಕ್ರಯಪತ್ರ ಬೇಕು. ಅದರ ಉಲ್ಟಾ ತಪ್ಪು ವಯಸ್ಸಾದವರಿಂದ ಆಗುತ್ತದೆ. ನೋಡಿಕೊಳ್ಳಲು ಒಬ್ಬರು ಬೇಕು ಎಂದು ಮುಖ್ತ್ಯಾರ್ ಪತ್ರದ ಬದಲು ದಾನಪತ್ರವನ್ನೇ ಬರೆದುಕೊಟ್ಟುಬಿಡುತ್ತಾರೆ. ಮುಖ್ತ್ಯಾರ್ ಪತ್ರ ಕೊಟ್ಟರೆ ಆಸ್ತಿ ನಿಮ್ಮದಾಗೇ ಉಳಿಯುತ್ತದೆ. ದಾನ ಕೊಟ್ಟರೆ ಹೋಯಿತು. ಕೊಡಲೇಬೇಕೆಂದಿದ್ದರೆ, ನನ್ನನ್ನು ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟಿದ್ದೇನೆ ಎಂದು ದಾನಪತ್ರದಲ್ಲೇ ಬರೆಸಿ. ಆಗ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಂತೆ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಯಲ್ಲಿ ರದ್ದು ಕೋರಲು ಬಲವಿರುತ್ತದೆ.

ಪತ್ರ ರದ್ದು ಮಾಡುವಾಗ ಬಾಯಿಮಾತಿನಲ್ಲಿ ಬಿಡಬೇಡಿ. ನೋಂದಣಿಯಾದ ಪತ್ರಕ್ಕೆ ನೋಂದಾಯಿತ ರದ್ದತಿ ಪತ್ರ ಮಾಡಿಸಿ, ಮುಖ್ತ್ಯಾರರಿಗೆ ಸ್ಪೀಡ್ ಪೋಸ್ಟಿನಲ್ಲಿ ನೋಟಿಸು ಕಳಿಸಿ, ಮೂಲ ಪ್ರತಿ ವಾಪಸು ಪಡೆಯಿರಿ. ಬ್ಯಾಂಕಿಗೆ, ಬಾಡಿಗೆದಾರರಿಗೆ, ಪತ್ರ ತೋರಿಸಿದ್ದ ಪ್ರತಿ ಕಚೇರಿಗೂ ತಿಳಿಸಿ. ರದ್ದಾಗಿದೆಯೆಂದು ಗೊತ್ತಿಲ್ಲದೆ ವ್ಯವಹರಿಸಿದವರಿಗೆ 208ನೇ ಕಲಮು ರಕ್ಷಣೆ ಕೊಡುತ್ತದೆ, ಅವರ ವ್ಯವಹಾರ ನಿಮ್ಮ ಮೇಲೆ ಬೀಳುತ್ತದೆ.

ಮರೆವು ಶುರುವಾದಾಗ

ಡಿಮೆನ್ಷಿಯಾ ಎಂದು ವೈದ್ಯರು ಹೇಳಿದ ದಿನವೇ ಸಹಿ ಮಾಡುವ ಶಕ್ತಿ ಹೋಯಿತು ಎಂದಲ್ಲ. ಏನು ಬರೆದುಕೊಡುತ್ತಿದ್ದೇನೆ, ಯಾರಿಗೆ, ಅದರ ಪರಿಣಾಮವೇನು ಎಂದು ಆ ಹೊತ್ತಿಗೆ ತಿಳಿಯುತ್ತಿದ್ದರೆ ಸಾಕು. ಕರಾರು ಕಾಯ್ದೆಯ 12ನೇ ಕಲಮು ನೋಡುವುದು ಕರಾರು ಮಾಡುವ ಗಳಿಗೆಯನ್ನು. ಆರಂಭದ ಹಂತದಲ್ಲಿ ಸಿಗುವ ಈ ತಿಂಗಳುಗಳು ಬಹಳ ಬೆಲೆಯುಳ್ಳವು. ವಿಲ್, ಜಂಟಿ ಖಾತೆ, ನಾಮಿನಿಗಳ ತಿದ್ದುಪಡಿ ಎಲ್ಲವನ್ನೂ ಆಗಲೇ ಮುಗಿಸಿ. ಸಹಿ ಮಾಡುವ ದಿನವೇ ಮನೋವೈದ್ಯರಿಂದ ಅಥವಾ ನರರೋಗ ತಜ್ಞರಿಂದ ‘ಅರ್ಥಮಾಡಿಕೊಳ್ಳುವ ಸ್ಥಿತಿಯಲ್ಲಿದ್ದಾರೆ’ ಎಂದು ಪ್ರಮಾಣಪತ್ರ ಪಡೆಯಿರಿ. ಆಸ್ತಿ ದೊಡ್ಡದಿದ್ದರೆ, ಅಥವಾ ಜೀವನವಿಡೀ ನೋಡಿಕೊಳ್ಳಬೇಕಾದ ಮಗುವಿದ್ದರೆ, 1882ರ ಟ್ರಸ್ಟ್ ಕಾಯ್ದೆಯ ಕೆಳಗೆ ಖಾಸಗಿ ಟ್ರಸ್ಟ್ ಮಾಡುವುದನ್ನು ವಕೀಲರೊಂದಿಗೆ ಯೋಚಿಸಿ. ಸ್ಥಿರಾಸ್ತಿ ಸೇರಿದರೆ ನೋಂದಣಿ ಆಗಲೇಬೇಕು, ಖರ್ಚೂ ಇದೆ; ಆದರೆ ಟ್ರಸ್ಟಿನ ಆಸ್ತಿ ಟ್ರಸ್ಟಿಗಳ ಹೆಸರಿನಲ್ಲಿರುವುದರಿಂದ ಬರೆದವರ ಬುದ್ಧಿ ಮಸುಕಾದರೂ ಕೆಲಸ ನಿಲ್ಲುವುದಿಲ್ಲ. ಮುಖ್ತ್ಯಾರ್ ಪತ್ರಕ್ಕೆ ಇಲ್ಲದ ಗುಣ ಅದು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ‘ನಾಮನಿರ್ದೇಶಿತ ಪ್ರತಿನಿಧಿ’ಯನ್ನು ಬಿಳಿ ಹಾಳೆಯಲ್ಲಿ ಬರೆದು ನೇಮಿಸಬಹುದು. ಮಾನಸಿಕ ಕಾಯಿಲೆಯ ಚಿಕಿತ್ಸೆಯ ವಿಷಯದಲ್ಲಿ ಅವರ ಮಾತು ನಡೆಯುತ್ತದೆ, ಬ್ಯಾಂಕಿನಲ್ಲಿ ನಡೆಯುವುದಿಲ್ಲ. ಹಳೆಯ 1987ರ ಕಾಯ್ದೆಯಲ್ಲಿ ಮಾನಸಿಕ ರೋಗಿಯ ಆಸ್ತಿ ನೋಡಿಕೊಳ್ಳಲು ಜಿಲ್ಲಾ ನ್ಯಾಯಾಲಯ ಮ್ಯಾನೇಜರನ್ನು ನೇಮಿಸುವ ಅಧ್ಯಾಯವಿತ್ತು. ಹೊಸ ಕಾಯ್ದೆಯಲ್ಲಿ ಅದು ಬರಲಿಲ್ಲ.

ಹಾಗಾಗಿ ಯಾವ ತಯಾರಿಯೂ ಇಲ್ಲದೆ ಕೋಮಾಕ್ಕೆ ಜಾರಿದವರ ಮನೆಯವರು ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಿ ಪಾಲಕರ ನೇಮಕ ಕೋರಬೇಕಾಗುತ್ತದೆ. ಶೋಭಾ ಗೋಪಾಲಕೃಷ್ಣನ್ ಪ್ರಕರಣದಲ್ಲಿ ಕೇರಳ ಹೈಕೋರ್ಟ್ 2019ರಲ್ಲಿ ಇದಕ್ಕೆ ಕ್ರಮವೊಂದನ್ನು ಹಾಕಿಕೊಟ್ಟಿತು: ವೈದ್ಯಕೀಯ ಮಂಡಳಿಯ ತಪಾಸಣೆ, ಕಂದಾಯ ಅಧಿಕಾರಿಯ ವರದಿ, ಆಸ್ತಿಯ ಪೂರ್ಣ ವಿವರ, ನೇಮಕವಾದ ಮೇಲೆ ಕಾಲಕಾಲಕ್ಕೆ ಲೆಕ್ಕ. ವಕೀಲರ ಹತ್ತಿರ ಹೋಗುವ ಮುಂಚೆಯೇ ಆಸ್ಪತ್ರೆಯಿಂದ ರೋಗಿಯ ಸ್ಥಿತಿಯ ಪ್ರಮಾಣಪತ್ರ, ಈವರೆಗಿನ ಬಿಲ್ಲುಗಳು, ಎಲ್ಲ ಖಾತೆ ಮತ್ತು ಆಸ್ತಿಗಳ ಪಟ್ಟಿ, ವಂಶವೃಕ್ಷ, ಉಳಿದ ವಾರಸುದಾರರು ಒಪ್ಪಿ ಸಹಿ ಮಾಡಿದ ಪತ್ರ ಇಷ್ಟನ್ನು ಹೊಂದಿಸಿಕೊಳ್ಳಿ. ಆಸ್ಪತ್ರೆಯ ಖರ್ಚಿಗೆ ತಕ್ಷಣ ಎಷ್ಟು ಹಣ ಬೇಕೆಂದು ನಮೂದಿಸಿ, ಅಂತಿಮ ಆದೇಶಕ್ಕೆ ಮೊದಲೇ ಮಧ್ಯಂತರ ಆದೇಶ ಕೇಳಲು ವಕೀಲರಿಗೆ ಹೇಳಿ.